ಹಿಟ್ಟಿನ ಚೀಲದ ಮೇಲಿನ ಕೈಗಳು

ಕಚೇರಿಯಲ್ಲಿ ಅವನಿಗೆ ದುರ್ಬೀನು ಎಂದು ಹೆಸರು ಬಿದ್ದು ಯಾವ ಕಾಲವಾಗಿತ್ತೋ. ಎದುರಿಗೆ ‘ಸಾರ್’, ಬೆನ್ನು ತಿರುಗಿಸಿದರೆ ‘ದುರ್ಬೀನು’. ಅವನಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಒಂದು ಪ್ಯಾಕೆಟ್ಟು ನೋಡಬೇಕೆಂದರೆ ಮೊದಲು ಅದರಿಂದ ದೂರ ಹೋಗಿ ಗೋಡೆಗೆ ಬೆನ್ನು ಹಚ್ಚಿ, ಕತ್ತು ಒಂದು ಕಡೆ ವಾಲಿಸಿ, ಕಣ್ಣು ಕಿರಿದು ಮಾಡಿ ತುಟಿ ಬಿಚ್ಚದೆ ನಿಲ್ಲುವ ಮನುಷ್ಯನಿಗೆ ಇನ್ನೇನು ಹೆಸರಿಡುತ್ತಾರೆ? ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದದ್ದು ಈ ತಮಾಷೆಗೆ ಇನ್ನಷ್ಟು ಒಗ್ಗರಣೆ ಹಾಕಿತ್ತು. ‘ಸಾರ್ ಮನೇಲಿ ಗಾಜಿಗೇನು ಬರ’ ಎಂದು ಹುಡುಗರು ಅವನಿಗೆ ಕೇಳಿಸುವ ಹಾಗೇ ಹೇಳಿಕೊಳ್ಳುತ್ತಿದ್ದರು.

ಅವನದು ಒಂದು ದೊಡ್ಡ ಸೂಪರ್ ಮಾರ್ಕೆಟ್ ಕಂಪನಿಯಲ್ಲಿ ಕೆಲಸ. ಕಂಪನಿ ತನ್ನದೇ ಹೆಸರಿನಲ್ಲಿ ಬಿಸ್ಕತ್ತು, ಹಿಟ್ಟು, ಸೂಪು, ಉಪ್ಪು ಎಲ್ಲವನ್ನೂ ಮಾರುತ್ತಿತ್ತು. ಅವುಗಳ ಹೊದಿಕೆಗೆ ಹೊಸ ವಿನ್ಯಾಸ ಬಂದಾಗಲೆಲ್ಲ, ಅದು ಅಂಗಡಿಗೆ ಹೋಗಲು ಯೋಗ್ಯವೋ ಅಲ್ಲವೋ ಎಂದು ತೂಗಿ ನೋಡಿ ಹೇಳುವುದು ಅವನ ಪಾಲಿಗೆ ಬಂದ ಕೆಲಸ. ಇದಕ್ಕಾಗಿಯೇ ಕಚೇರಿಯ ಕಾರಿಡಾರಿನ ಕೊನೆಗೆ ಒಂದು ಕೋಣೆಯಿತ್ತು. ಅಂಗಡಿಯದೇ ಶೆಲ್ಫುಗಳು, ಅಂಗಡಿಯದೇ ಬಿಳಿ ದೀಪ, ಅಂಗಡಿಯಲ್ಲಿರುವಂತೆಯೇ ಒಂದು ಚಕ್ರ ಕುಂಟುವ ಟ್ರಾಲಿ. ಬಿಲ್ ಹಾಕುವವರು ಮಾತ್ರ ಇರಲಿಲ್ಲ. ಅದನ್ನು ಎಲ್ಲರೂ ‘ಸುಳ್ಳಂಗಡಿ’ ಅನ್ನುತ್ತಿದ್ದರು. ದುರ್ಬೀನು ತನ್ನ ಆಯುಸ್ಸಿನ ಒಳ್ಳೆಯ ಪಾಲನ್ನು ಈ ಸುಳ್ಳಂಗಡಿಯಲ್ಲೇ ಕಳೆದಿದ್ದ.

ಈ ಕೆಲಸಕ್ಕೆ ಅವನು ಬಂದದ್ದು ತನ್ನ ಬೆನ್ನಿನ ಕೃಪೆಯಿಂದ. ಹುಡುಗನಾಗಿದ್ದಾಗ ನಿಜವಾದ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದ. ಒಂದು ದಿನ ಆಲೂಗಡ್ಡೆ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಡಾಕ್ಟರು ಇನ್ನು ಭಾರ ಎತ್ತಬಾರದೆಂದರು, ಕಂಪನಿಯವರು ಕೆಲಸ ಬಿಡಿಸುವ ಬದಲು ಕಚೇರಿಯಲ್ಲಿ ಒಂದು ಕುರ್ಚಿ ತೋರಿಸಿದರು. ಆಗ ಕಂಪನಿಯ ಸ್ವಂತ ಸಾಮಾನಿನ ಪ್ಯಾಕೆಟ್ಟೆಂದರೆ ಬಿಳಿ ಕಾಗದ, ಕಪ್ಪು ಅಕ್ಷರ, ಆಸ್ಪತ್ರೆಯ ಔಷಧಿಯ ಹಾಗೆ. ಅಗ್ಗವೆಂದು ಜನ ಕೊಳ್ಳುತ್ತಿದ್ದರು, ಆದರೆ ಕೊಂಡದ್ದು ಯಾರಿಗೂ ಕಾಣಬಾರದು. ಒಳ್ಳೇ ಕೋಟು ತೊಟ್ಟ ಒಬ್ಬ ಗೃಹಸ್ಥ ಟ್ರಾಲಿಯಲ್ಲಿದ್ದ ಕಂಪನಿ ಬಿಸ್ಕತ್ತಿನ ಮೇಲೆ ದಿನಪತ್ರಿಕೆಯನ್ನು ನಾಜೂಕಾಗಿ ಹೊದಿಸಿದ್ದನ್ನು ಅವನು ಅಂಗಡಿಯಲ್ಲಿದ್ದಾಗ ನೋಡಿದ್ದ. ಮಗುವಿಗೆ ಚಳಿಯಾಗದಿರಲಿ ಎಂದು ಹೊದಿಸುವ ಹಾಗಿತ್ತು ಅದು. ಆ ಕೋಟಿನವನು ಅವನ ತಲೆಯಲ್ಲೇ ಉಳಿದುಬಿಟ್ಟ. ಎಂಥ ಹೊಸ ಪ್ಯಾಕೆಟ್ಟು ಎದುರಿಗೆ ಬಂದರೂ, ‘ಆ ಪುಣ್ಯಾತ್ಮ ಇದನ್ನು ಮುಚ್ಚುತ್ತಿದ್ದನೋ, ಮೇಲೇ ಇಡುತ್ತಿದ್ದನೋ’ ಎಂದು ದುರ್ಬೀನು ಮೊದಲು ತನ್ನನ್ನೇ ಕೇಳಿಕೊಳ್ಳುತ್ತಿದ್ದ.

ಅವನ ಮದುವೆಯಾದ ಹೊಸತರಲ್ಲಿ ಕಂಪನಿಯವರು ಬಿಳಿ ಕಾಗದ ಬಿಟ್ಟು ಫೋಟೋ ಹಾಕಲು ಹೊರಟರು. ಬ್ರೆಡ್ ಹಿಟ್ಟಿನ ಚೀಲಕ್ಕೆ ಹಿಟ್ಟು ನಾದುವ ಎರಡು ಕೈ ಬೇಕು ಎಂದಾಯಿತು. ಜಾಹೀರಾತುಗಳಿಗೆ ಕೈ ತೋರಿಸುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಹೆಂಗಸನ್ನು ಕರೆಸಿದರು. ಬೆಣ್ಣೆಯಂಥ ಕೈ, ಹೊಳೆಯುವ ಉಗುರು. ಆದರೆ ಆಕೆ ಹಿಟ್ಟು ನಾದಿದ್ದು ಬೆಕ್ಕಿನ ಬೆನ್ನು ಸವರಿದ ಹಾಗಿತ್ತು. ಫೋಟೋ ತೆಗೆಯುವವನು ತೆಗೆದೂ ತೆಗೆದೂ ಬೇಸತ್ತು ಹೇಳಿದ:

“ತಾಯೀ, ಇದು ನಾದೋದಲ್ಲ. ಹಿಟ್ಟಿಗೆ ಸಮಾಧಾನ ಹೇಳ್ತಾ ಇದ್ದೀರಿ.”

ಮೂಲೆಯಲ್ಲಿ ನಿಂತಿದ್ದ ದುರ್ಬೀನಿನ ಬಾಯಿಂದ ತಟ್ಟನೆ ಬಂತು: “ನಮ್ಮತ್ತೆ ಹಾಸ್ಟೆಲ್ ಅಡುಗೆಮನೇಲಿದ್ದಾರೆ. ದಿನಾ ಊರಿಗಾಗೋಷ್ಟು ಹಿಟ್ಟು ನಾದ್ತಾರೆ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅತ್ತೆಯ ಜೊತೆ ಅವನಿಗಿನ್ನೂ ‘ಬನ್ನಿ, ಕೂತ್ಕೊಳ್ಳಿ’ ದಾಟಿ ಮಾತು ಬೆಳೆದಿರಲಿಲ್ಲ. ಆದರೆ ಫೋನು ಹೋಯಿತು, ಅತ್ತೆ ಎರಡು ಬಸ್ಸು ಬದಲಿಸಿ ಬಂದರು. ಬರುವಾಗ ಚೀಲದಲ್ಲಿ ತಮ್ಮದೇ ಏಪ್ರನ್ನು ತಂದಿದ್ದರು. ಮೇಜಿನ ಮೇಲಿದ್ದ ಹಿಟ್ಟನ್ನು ಒಂದು ಬೆರಳಿನಿಂದ ಒತ್ತಿ ನೋಡಿ, “ಇದ್ಯಾರು ಕಲಸಿದ್ದು? ಅಂಟಿಗೆ ಆಗುತ್ತೆ, ಬ್ರೆಡ್ಡಿಗಲ್ಲ” ಎಂದು ಪಕ್ಕಕ್ಕೆ ಸರಿಸಿ ಹೊಸದಾಗಿ ಕಲಸಿದರು. ಆಮೇಲೆ ದೀಪ, ಕ್ಯಾಮೆರಾ, ಸುತ್ತ ನಿಂತವರು ಯಾರ ಪರಿವೆಯೂ ಇಲ್ಲದೆ ನಾದತೊಡಗಿದರು. ಭುಜದಿಂದ ಇಳಿದ ಬಲ ಅಂಗೈಯ ಬುಡದಲ್ಲಿ ಬಂದು ನಿಲ್ಲುತ್ತಿತ್ತು. ಹಿಟ್ಟು ಒಂದು ಸಲ ಹಿಗ್ಗಿ, ಒಂದು ಸಲ ಮಡಿಸಿಕೊಂಡು, ಮಾತು ಕೇಳುವ ಮಗುವಿನಂತಾಯಿತು. ಫೋಟೋದವನು ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ.

ಅತ್ತೆಯ ಎಡಗೈ ಹೆಬ್ಬೆರಳ ಬುಡದಲ್ಲಿ ಬ್ರೆಡ್ ಬೇಯಿಸುವ ಒಲೆಯ ಬಾಗಿಲು ತಗುಲಿ ಸುಟ್ಟ ಒಂದು ಗುರುತಿತ್ತು. ಅಚ್ಚು ಹಾಕುವ ಮೊದಲು ಅದನ್ನು ಅಳಿಸಬೇಕೆಂದಿದ್ದವರು ಗಡಿಬಿಡಿಯಲ್ಲಿ ಮರೆತರು. ಹೀಗಾಗಿ ಗುರುತಿನ ಸಮೇತ ಆ ಕೈಗಳು ಚೀಲದ ಮೇಲೆ ಬಂದವು, ಚೀಲ ಚೆನ್ನಾಗಿ ಓಡಿತು. ಓಡಿದ ಮೇಲೆ ಕೇಳಬೇಕೆ? ಕೇಕ್ ಹಿಟ್ಟಿಗೂ ಅದೇ ಕೈ, ಗೋಧಿ ಹಿಟ್ಟಿಗೂ ಅದೇ ಕೈ. ಮೇಲಿನ ಪಟ್ಟಿಯ ಬಣ್ಣವೊಂದೇ ಬೇರೆ.

ಹಾಸ್ಟೆಲಿನಿಂದ ನಿವೃತ್ತಿಯಾದ ಮೇಲೆ ಅತ್ತೆ ಮಗಳ ಮನೆಗೇ ಬಂದರು. ಬಂದ ಮೊದಲ ವಾರವೇ ಹತ್ತಿರದ ಸೂಪರ್ ಮಾರ್ಕೆಟ್ಟು ಅವರಿಗೆ ತವರಾಗಿ ಹೋಯಿತು. ಬೇಕಾದ್ದು ಬೇಡದ್ದು ನೆಪ ಮಾಡಿಕೊಂಡು ಹೋಗುವುದು, ಹಿಟ್ಟಿನ ಸಾಲಿನ ಮುಂದೆ ನಿಲ್ಲುವುದು, ಹಿಂದುಮುಂದಾಗಿದ್ದ ಚೀಲಗಳನ್ನೆಲ್ಲ ಕೈ ಕಾಣುವ ಹಾಗೆ ಮುಂದಕ್ಕೆ ತಿರುಗಿಸುವುದು. ಬಿಲ್ ಹಾಕುವ ಹುಡುಗಿಯರು ಅವರಿಗೆ ಹಿಟ್ಟಜ್ಜಿ ಎಂದು ಹೆಸರಿಟ್ಟರು. ಒಮ್ಮೆ ಯಾರೋ ಗಿರಾಕಿಗೆ ಅತ್ತೆ, “ಇದು ನನ್ನ ಕೈ ಕಣಪ್ಪ” ಎಂದು ಚೀಲ ತೋರಿಸಿದರಂತೆ. ಆತ ಮೇಲಿಂದ ಕೆಳಗೆ ನೋಡಿ, “ಹಾಗಾದ್ರೆ ಆ ಸೂಪಿನ ಡಬ್ಬಿ ಮೇಲಿರೋ ಟೊಮೇಟೊ ನಾನೇ, ಅಜ್ಜಿ” ಅಂದನಂತೆ. ಅತ್ತೆ ಮನೆಗೆ ಬಂದು ಉರಿದುಬಿದ್ದರು. ಮಗಳು ನಗು ತಡೆಯಲಾರದೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅತ್ತೆ ಅಳಿಯನ ನಡುವೆ ಜಗಳವೆಂದೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಅವರು ‘ಅಳಿಯಂದಿರು’ ಅನ್ನುವರು, ಇವನು ‘ಅತ್ತೆ’ ಅನ್ನುವನು, ಎರಡೂ ಕಡೆ ‘ನೀವು’. ಇಬ್ಬರೂ ಒಂದೇ ಸೂರಿನ ಕೆಳಗೆ, ಒಳ್ಳೇ ನೆರೆಹೊರೆಯವರ ಹಾಗೆ ಬಾಳಿಕೊಂಡಿದ್ದರು. ವರ್ಷ ಕಳೆದಂತೆ ಅತ್ತೆಯ ಬೆರಳ ಗಿಣ್ಣುಗಳು ಬಾತು, ಬೆರಳುಗಳು ಒಂದು ಕಡೆಗೆ ವಾಲಿದವು. ಹಿಟ್ಟು ನಾದುವುದಿರಲಿ, ಜಾಮಿನ ಬಾಟಲಿಯ ಮುಚ್ಚಳ ತೆಗೆಯುವುದೂ ಕಷ್ಟವಾಯಿತು. ಬಾಟಲಿಯನ್ನು ಅವರು ಏನೂ ಹೇಳದೆ ಅಳಿಯನ ತಟ್ಟೆಯ ಪಕ್ಕ ಇಡುತ್ತಿದ್ದರು, ಅವನು ಏನೂ ಹೇಳದೆ ತೆಗೆದುಕೊಡುತ್ತಿದ್ದ.

ಹೀಗಿರುವಾಗ ಕಂಪನಿಗೆ ಹೊಸ ಡಿಸೈನರ್ ಬಂದಳು. ಚಿಕ್ಕ ವಯಸ್ಸು, ಚುರುಕು, ಮಾತು ಕಡಿಮೆ. ಹಿಟ್ಟಿನ ಚೀಲಗಳನ್ನೆಲ್ಲ ಹೊಸದಾಗಿ ಮಾಡಿಕೊಂಡು ತಂದಳು. ಗಾಢ ನೀಲಿ ಬಣ್ಣ, ದಪ್ಪ ಬಿಳಿ ಅಕ್ಷರ, ಫೋಟೋ ಇಲ್ಲವೇ ಇಲ್ಲ. ವಿಭಾಗದ ಮುಖ್ಯಸ್ಥೆ ಹಳೆಯದನ್ನೂ ಹೊಸದನ್ನೂ ದುರ್ಬೀನಿನ ಮೇಜಿನ ಮೇಲೆ ಇಟ್ಟು, “ಯಾವುದು ಇರಬೇಕು, ಯಾವುದು ಹೋಗಬೇಕು, ಜನರ ಹತ್ರ ನೋಡಿಸಿ ಹೇಳಿ” ಎಂದರು.

ಅವನು ಹಳೆಯ ಚೀಲವನ್ನು ಅವರ ಕಡೆಗೆ ತಿರುಗಿಸಿದ.

“ಮೇಡಂ, ಇದನ್ನ ಬೇರೆಯವರಿಗೆ ಕೊಡಿ. ಈ ಕೈ ನಮ್ಮತ್ತೇದು.”

ಮುಖ್ಯಸ್ಥೆ ಚೀಲವನ್ನು ಎತ್ತಿ ಹಿಡಿದು ನೋಡಿದರು. ಇಷ್ಟು ವರ್ಷ ಅದೇ ಹಿಟ್ಟಿನಲ್ಲಿ ಕೇಕು ಮಾಡಿದ್ದರಂತೆ, ಗೊತ್ತೇ ಇರಲಿಲ್ಲವಂತೆ.

“ನಿಮ್ಮತ್ತೇದಾ? ಹಾಗಾದ್ರೆ ನಿಮಗಿಂತ ಹುಷಾರಾಗಿ ನೋಡೋರು ಇನ್ಯಾರು ಸಿಗ್ತಾರೆ? ನೀವೇ ನೋಡಿ.”

ಬೇಡವೆಂದವನನ್ನೇ ಕೂರಿಸಿ ಬಡಿಸಿದ ಹಾಗಾಯಿತು. ಎರಡೂ ಬಗೆಯ ಚೀಲಗಳನ್ನು ಸುಳ್ಳಂಗಡಿಯಲ್ಲಿ ಜೋಡಿಸಿ ಗೋಡೆಗೆ ಬೆನ್ನು ಹಚ್ಚಿ ನಿಂತ. ಕೈಗಳು ಕಂಡವು, ಆ ಕೈಗಳ ಹಿಂದೆ ಅತ್ತೆ ಕಂಡರು. ಅಕ್ಷರ ಮಾತ್ರ ಕಾಣಲಿಲ್ಲ. ಇನ್ನೂ ಹಿಂದೆ ಸರಿಯೋಣವೆಂದರೆ ಗೋಡೆ ಬಿಡಲಿಲ್ಲ.

ಮಾರನೆಯ ವಾರ ಬೀದಿಯಲ್ಲಿ ಹೋಗುವ ಬರುವ ಗಿರಾಕಿಗಳನ್ನೇ ಕರೆದು ತಂದರು. ಮೊದಲು ಹಿಟ್ಟಿನ ಶೆಲ್ಫಿನಲ್ಲಿ ಹಳೆಯ ಚೀಲಗಳನ್ನಷ್ಟೇ ಇಟ್ಟು, “ಬ್ರೆಡ್ ಮಾಡೋಕೆ ಹಿಟ್ಟು ತಗೊಂಡು ಬನ್ನಿ” ಎಂದು ಟ್ರಾಲಿ ಕೊಟ್ಟು ಕಳಿಸುವುದು, ಅವರ ಕಣ್ಣು ಎಲ್ಲಿ ಹೋಗುತ್ತದೆ, ಕೈ ಎಲ್ಲಿ ಹೋಗುತ್ತದೆ ನೋಡುವುದು. ಬಂದವರಲ್ಲಿ ಸುಮಾರು ಜನ ಸೀದಾ ಹೋಗಿ ಕೇಕ್ ಹಿಟ್ಟು ಎತ್ತಿಕೊಂಡು ಬಂದರು. ಯಾಕೆಂದು ಕೇಳಿದರೆ, “ನಾದೋ ಕೈ ಇತ್ತಲ್ಲ” ಎಂದರು. ತಪ್ಪು ಅವರದಲ್ಲ. ಎಲ್ಲದರ ಮೇಲೂ ಅವೇ ಕೈಗಳಿದ್ದರೆ ಅವರಾದರೂ ಏನು ಮಾಡಿಯಾರು? ಸರಿಯಾದ ಚೀಲ ತಂದವರಲ್ಲಿ ಒಬ್ಬರು ಮುದುಕರಿದ್ದರು. “ಮನೇಲಿ ನಾನೊಬ್ಬನೇ. ಇದನ್ನ ಮೇಜಿನ ಮೇಲಿಟ್ರೆ ಅಡುಗೆಮನೇಲಿ ಯಾರೋ ಇದ್ದ ಹಾಗಿರುತ್ತೆ” ಎಂದರು. ಆ ಮಾತನ್ನೂ ದುರ್ಬೀನು ಬರೆದುಕೊಂಡ.

ಆಮೇಲೆ ಬಂದವನು ಒಬ್ಬ ಬಸ್ಸಿನ ಡ್ರೈವರು. ಆಳು ಬಾಗಿಲು ತುಂಬುವಂತಿದ್ದ. ಬ್ರೆಡ್ ಹಿಟ್ಟಿನ ಚೀಲವನ್ನು ಎತ್ತಿದ, ಫೋಟೋವನ್ನೇ ನೋಡಿದ, ಮೆಲ್ಲಗೆ ವಾಪಸ್ಸು ಇಟ್ಟ. ಪಕ್ಕದ ಸಾಲಿನಿಂದ ಸಿದ್ಧವಾದ ಬ್ರೆಡ್ಡೊಂದನ್ನು ತಂದು ಟ್ರಾಲಿಗೆ ಹಾಕಿಕೊಂಡ.

“ಹಿಟ್ಟು ಅಂದಿದ್ವಿ ಸಾರ್” ಎಂದ ದುರ್ಬೀನು.

“ಗೊತ್ತು ಸಾರ್. ಮಗಳು ಮನೇಲೇ ಬ್ರೆಡ್ ಮಾಡು ಅಪ್ಪಾ ಅಂತ ಪ್ರಾಣ ತಿಂತಾಳೆ. ಮಾಡೋಣ ಅಂತ ಅಂಗಡೀಲೂ ಎಷ್ಟೋ ಸಲ ಎತ್ಕೊಂಡಿದ್ದೀನಿ. ಆದ್ರೆ ಈ ಕೈ ನೋಡಿ! ಇವು ಹುಟ್ಟಿದಾಗಿಂದ ಇದನ್ನೇ ಮಾಡ್ಕೊಂಡು ಬಂದಿರೋ ಕೈ. ಇದನ್ನ ನೋಡಿದ್ರೆ, ‘ಏಯ್, ನಿನಗ್ಯಾಕಪ್ಪಾ ಈ ಉಸಾಬರಿ’ ಅಂತ ಗದರಿಸಿದ ಹಾಗಾಗುತ್ತೆ. ನನಗೆ ಭಯ.”

ಬಸ್ಸು ತುಂಬ ಜನರನ್ನು ಕೂರಿಸಿಕೊಂಡು ಊರೆಲ್ಲ ಸುತ್ತುವವನು ಒಂದು ಹಿಟ್ಟಿನ ಚೀಲಕ್ಕೆ ಹೆದರಿದ್ದ. ಅವನು ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ಬಂದವರನ್ನೂ ದುರ್ಬೀನು ಕೆದಕಿ ಕೇಳಿದ. ಮನೆಯಲ್ಲಿ ಯಾವತ್ತೂ ಬ್ರೆಡ್ ಮಾಡದವರಲ್ಲಿ ಹಲವರು ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳಿದರು. ಇದು ಬಲ್ಲವರ ಹಿಟ್ಟು, ನಮಗಲ್ಲ.

ಮಧ್ಯಾಹ್ನದ ಮೇಲೆ ಹಳೆಯವನ್ನು ತೆಗೆದು ಹೊಸ ಚೀಲಗಳನ್ನು ಜೋಡಿಸಿದರು. ಮೊದಲು ಒಳಗೆ ಹೋದ ಹೆಂಗಸು ಅರ್ಧ ದಾರಿಯಲ್ಲೇ ನಿಂತು ಕೇಳಿದಳು: “ಅಲ್ಲ, ತಿನ್ನೋ ಸಾಮಾನಿನ ಮಧ್ಯೆ ಸೋಪಿನ ಪುಡಿ ಯಾಕೆ ಇಟ್ಟಿದ್ದೀರಿ?”

ಡಿಸೈನರ್ ಹುಡುಗಿಯ ಮುಖ ಸುಣ್ಣವಾಯಿತು. ಆದರೆ ಮಾತು ನಿಜವೇ. ಅಷ್ಟೊಂದು ನೀಲಿ ಸಾಲಾಗಿ ನಿಂತಾಗ ಬಟ್ಟೆ ಒಗೆಯುವ ಪುಡಿಯ ಅಂಗಡಿಯೇ ಎದ್ದು ಬಂದ ಹಾಗಿತ್ತು. ಅಂದು ಬಂದವರಲ್ಲಿ ಇನ್ನೂ ಕೆಲವರು ಅದನ್ನೇ ಹೇಳಿದರು. ಒಬ್ಬನಂತೂ ಚೀಲವನ್ನು ಮೂಸಿ ನೋಡಿದ.

ಸಂಜೆ ಮುಖ್ಯಸ್ಥೆ ಎರಡು ಲೋಟ ಚಹಾ ಹಿಡಿದುಕೊಂಡು ಅವನ ಕಿಟಕಿಯ ಬಳಿಗೆ ಬಂದು, ಒಂದನ್ನು ಅವನ ಕೈಗೆ ಕೊಟ್ಟರು. “ಹೊಸದು ಮಲಗಿತು ಅಂತ ಕೇಳ್ದೆ. ಏನು ಮಾಡೋಣ? ನೀವು ಹೂಂ ಅಂದ್ರೆ ಹಳೇದೇ ಇನ್ನೊಂದಿಷ್ಟು ವರ್ಷ ಓಡ್ಲಿ. ನನಗೇನೂ ಅವಸರ ಇಲ್ಲ.”

ಅವನ ಕೈಯಲ್ಲಿದ್ದ ಚಹಾ ಆರುತ್ತಾ ಬಂತು. ಹೂಂ ಅಂದರಾಯಿತು. ಯಾರೂ ತಪ್ಪು ತಿಳಿಯುವುದಿಲ್ಲ, ಕಾರಣ ಸೋಪಿನ ಪುಡಿಯ ಮೇಲೆ ಹೋಗುತ್ತದೆ. ಅತ್ತೆ ಅಂಗಡಿಗೆ ಹೋಗುತ್ತಾರೆ, ಚೀಲ ತಿರುಗಿಸುತ್ತಾರೆ, ಮನೆಗೆ ಬಂದು ಯಾರು ಯಾರು ಕೊಂಡರೆಂದು ಹೇಳುತ್ತಾರೆ. ಒಂದು ಚಿಕ್ಕ ‘ಹೂಂ’ ಅಷ್ಟೇ. ಆದರೆ ಅಷ್ಟು ದೊಡ್ಡ ಆಳು ಚೀಲವನ್ನು ಮೆಲ್ಲಗೆ ವಾಪಸ್ಸು ಇಟ್ಟದ್ದು ಅವನ ಕಣ್ಣಿಗೆ ಕಟ್ಟಿತ್ತು.

“ಬಣ್ಣ ಬದಲಾಗಲಿ ಮೇಡಂ” ಎಂದ. “ಅಕ್ಷರ ಚೆನ್ನಾಗಿದೆ, ಆ ಹುಡುಗಿಗೆ ಕೆಲಸ ಗೊತ್ತು. ಆದರೆ ಕೈ ಹೋಗಬೇಕು.”

“ಯೋಚನೆ ಮಾಡಿ ಹೇಳ್ತಿದ್ದೀರಾ?”

“ಮಾಡಿದೆ ಮೇಡಂ.”

ಹುಡುಗಿ ನೀಲಿಯನ್ನು ಬಿಟ್ಟು ಚೆನ್ನಾಗಿ ಬೆಂದ ಬ್ರೆಡ್ಡಿನ ಅಂಚಿನ ಬಣ್ಣ ಹಾಕಿ ತಂದಳು. ಒಂದರ ಮೇಲೆ ದೊಡ್ಡದಾಗಿ ‘ಬ್ರೆಡ್ಡಿಗೆ’, ಇನ್ನೊಂದರ ಮೇಲೆ ‘ಕೇಕಿಗೆ’, ಕೆಳಗೆ ಗೆರೆಯಲ್ಲಿ ಬರೆದ ಸಣ್ಣ ಚಿತ್ರ. ಮತ್ತೆ ಜನರನ್ನು ಕರೆದರು. ಈ ಸಲ ಅಲ್ಲೊಬ್ಬರು ಇಲ್ಲೊಬ್ಬರು ಬಿಟ್ಟರೆ ಯಾರೂ ತಪ್ಪು ಚೀಲ ಎತ್ತಲಿಲ್ಲ, ಯಾರೂ ಮೂಸಲಿಲ್ಲ. ದುರ್ಬೀನು ಒಪ್ಪಿಗೆಯ ಸಹಿ ಹಾಕಿದ.

ಮನೆಯಲ್ಲಿ ಹೇಳುವುದು ಉಳಿಯಿತು. ಇಂದು ನಾಳೆ ಎಂದು ತಳ್ಳಿದ. ಹೆಂಡತಿ ಅವನ ಮುಖ ನೋಡಿಯೇ ವಿಷಯ ಹೊರಡಿಸಿದಳು.

“ರೀ, ಕಂಪನಿಯವರು ತೆಗೆದ್ರು ಅಂತ ಹೇಳಿಬಿಡಿ. ಅಮ್ಮ ಒಂದೆರಡು ದಿನ ಅವರಿಗೆ ಶಾಪ ಹಾಕಿ ಸುಮ್ಮನಾಗ್ತಾಳೆ.”

“ತೆಗೀರಿ ಅಂದವನು ನಾನೇ ಅಲ್ವಾ?”

“ಅದನ್ನ ಅವಳಿಗೆ ಯಾರು ಹೇಳ್ತಾರೆ?”

“ನಾನೇ ಹೇಳ್ತೀನಿ” ಎಂದ. ಹೆಂಡತಿ ಹಣೆ ಚಚ್ಚಿಕೊಂಡಳು.

ರಜಾದಿನ ಬೆಳಿಗ್ಗೆ ಅತ್ತೆ ಊಟದ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು. ಗಿಣ್ಣುಗಳ ನೋವಿಗೆ ಒಂದೊಂದು ಕಾಯಿಗೂ ಹೊತ್ತು ಹಿಡಿಯುತ್ತಿತ್ತು. ದುರ್ಬೀನು ಎದುರಿನ ಕುರ್ಚಿ ಎಳೆದುಕೊಂಡು ಕೂತು, ಸುತ್ತು ಬಳಸದೆ ಹೇಳಿದ. ಹಿಟ್ಟಿನ ಚೀಲ ಬದಲಾಗುತ್ತದೆ, ಇನ್ನು ಅದರ ಮೇಲೆ ಕೈಗಳಿರುವುದಿಲ್ಲ.

ಅತ್ತೆ ಸುಲಿಯುವುದನ್ನು ನಿಲ್ಲಿಸಿದರು. “ತೆಗೀಬೇಕು ಅಂತ ಯಾರು ಹೇಳಿದ್ದು?”

“ನಾನೇ, ಅತ್ತೆ.”

ಅವರು ಅವನನ್ನು ನೋಡಿದರು, ಆಮೇಲೆ ಬಟಾಣಿಯನ್ನು ನೋಡಿದರು. ಒಂದು ಕಾಯಿ ಎತ್ತಿಕೊಂಡು ಮತ್ತೆ ಸುಲಿಯತೊಡಗಿದರು. ಕಾರಣ ಹೇಳಲು ಅವನು ಬಾಯಿ ತೆರೆದಾಗ, “ಒಲೆ ಮೇಲೆ ಹಾಲಿದೆ” ಎಂದರು. ಹಾಲು ಒಲೆಯ ಮೇಲಿರಲಿಲ್ಲ.

ಅಂದಿನಿಂದ ಅತ್ತೆ ಅಳಿಯನೊಂದಿಗೆ ನೇರ ಮಾತು ಬಿಟ್ಟರು. ಜಗಳವಿಲ್ಲ, ಸಿಡಿಮಿಡಿಯಿಲ್ಲ. ಮಾತೆಲ್ಲ ಮಗಳ ಮೂಲಕ. ಅವನು ಪಕ್ಕದಲ್ಲೇ ಕೂತಿದ್ದರೂ, “ಅಳಿಯಂದಿರಿಗೆ ಇನ್ನೊಂದು ಚೂರು ಅನ್ನ ಬೇಕಾ ಕೇಳೇ” ಎನ್ನುವರು. ಅವನು, “ಸಾಕು ಅನ್ನು” ಎನ್ನುವನು. ಹೆಂಡತಿ ಕೆಲವು ದಿನ ಸಹಿಸಿಕೊಂಡು ಕೊನೆಗೆ ಸೌಟು ಕುಕ್ಕಿ, “ನಾನೇನು ಟೆಲಿಫೋನ್ ಎಕ್ಸ್‌ಚೇಂಜಾ?” ಎಂದು ಕೂಗಿದಳು. ಇಬ್ಬರೂ ತಲೆ ತಗ್ಗಿಸಿ ಊಟ ಮುಂದುವರಿಸಿದರು. ಅತ್ತೆ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದ್ದರು. ಜಾಮಿನ ಬಾಟಲಿ ಅವನ ತಟ್ಟೆಯ ಪಕ್ಕ ಬರುವುದು ನಿಂತಿತು. ಅತ್ತೆ ಅದಕ್ಕೆ ಬಟ್ಟೆ ಸುತ್ತಿ, ಬಾಗಿಲ ಸಂದಿಗೆ ಸಿಕ್ಕಿಸಿ ತಾವೇ ಮುಚ್ಚಳದೊಂದಿಗೆ ಗುದ್ದಾಡುವುದನ್ನು ಅವನು ಓರೆಗಣ್ಣಿನಿಂದ ನೋಡುತ್ತಿದ್ದ, ಏಳುವ ಧೈರ್ಯವಾಗುತ್ತಿರಲಿಲ್ಲ.

ಒಂದು ಸಂಜೆ ಕನ್ನಡಕದ ಅಂಗಡಿಯಲ್ಲಿ ಸಾಮಾನು ಎಣಿಸುವ ಕೆಲಸವಿದ್ದು ಹೆಂಡತಿ ಬರುವುದು ತಡವಾಗುತ್ತದೆಂದಳು. ಊಟಕ್ಕೆ ಅತ್ತೆ ಅಳಿಯ ಇಬ್ಬರೇ. ಮಧ್ಯೆ ಎಕ್ಸ್‌ಚೇಂಜು ಇಲ್ಲ. ಇಬ್ಬರೂ ಸೂಪು ಬಡಿಸಿಕೊಂಡರು. ಆಮೇಲೆ ಅತ್ತೆ ಉಪ್ಪಿನ ಬಾಟಲಿಯನ್ನು ನೋಡಿಕೊಂಡು ಹೇಳಿದರು:

“ಸೂಪಿಗೆ ಉಪ್ಪು ಕಮ್ಮಿ ಆಗಿದೆಯೋ ಏನೋ.”

ದುರ್ಬೀನಿಗೂ ಆ ಬಾಟಲಿಯನ್ನೇ ನೋಡಿಕೊಂಡು ಉತ್ತರಿಸುವುದು ಸುಲಭವೆನಿಸಿತು. “ಸರಿಯಾಗಿದೆ” ಎಂದ. ಹೇಗೋ ಬಾಯಿ ಬಿಟ್ಟಾಯಿತಲ್ಲ ಎಂದು, ಅದೇ ಉಸಿರಿನಲ್ಲಿ ಬಸ್ಸಿನ ಡ್ರೈವರನ ಕತೆ ಹೇಳತೊಡಗಿದ. ಬಾಗಿಲು ತುಂಬುವ ಆ ಮೈಕಟ್ಟು, ಮಗಳ ಹಟ, ಚೀಲ ಎತ್ತಿದ್ದು, ನೋಡಿದ್ದು, ವಾಪಸ್ಸು ಇಟ್ಟದ್ದು. ‘ನಿನಗ್ಯಾಕಪ್ಪಾ ಈ ಉಸಾಬರಿ’ ಎಂದು ಕೈಗಳು ಗದರಿಸಿದ ಮಾತಿಗೆ ಬಂದಾಗ ಅತ್ತೆಯ ಚಮಚ ನಿಂತಿತು.

“ಏನಂದ? ಹೆದರಿಕೆ ಆಗುತ್ತೆ ಅಂದ್ನಾ?”

“ಹೂಂ. ನನಗೆ ಭಯ ಅಂದ.”

“ಬಸ್ ಓಡಿಸೋನು?”

“ಹೂಂ ಅತ್ತೆ.”

ಅತ್ತೆಯ ಭುಜ ಅಲುಗಿತು. ಮೊದಲು ಅಳುತ್ತಿದ್ದಾರೇನೋ ಎಂದು ಅವನು ಗಾಬರಿಯಾದ. ನಗುತ್ತಿದ್ದರು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. “ಹಾಸ್ಟೆಲ್‌ನಲ್ಲೂ ಹಾಗೇ. ನನ್ನ ಜೊತೆ ಕೆಲಸಕ್ಕೆ ಬಂದ ಹುಡುಗೀರೆಲ್ಲ, ಅಕ್ಕ ನೀವೇ ನಾದಿ, ನಮಗಾಗಲ್ಲ ಅಂತ ದೂರ ನಿಲ್ಲೋರು. ನಾನು ಅವರಿಗೆ ಸೋಮಾರಿತನ ಅಂದ್ಕೊಂಡಿದ್ದೆ. ಹೆದರಿಕೇನಾ ಅದು?” ನಗು ಇಳಿಯಿತು. “ಯಾರಿಗೂ ಕಲಿಸಲೇ ಇಲ್ಲ ನೋಡಿ ನಾನು. ನನ್ನ ಮಗಳಿಗೂ.”

ಚಮಚ ಕೆಳಗಿಟ್ಟು ಕೇಳಿದರು: “ಒಂದು ಮಾತು ಹೇಳಿ. ಚೀಲ ನೋಡೋವಾಗ ನೀವು ಅತ್ತೆ ಅಂತ ನೋಡಿದ್ರಾ, ಚೀಲ ಅಂತ ನೋಡಿದ್ರಾ?”

“ಮೊದಲು ಅತ್ತೆ ಅಂತಲೇ ಕಂಡಿದ್ದು. ಚೀಲ ಕಾಣೋಕೆ ತುಂಬಾ ಹೊತ್ತಾಯ್ತು.”

ಅತ್ತೆ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ಬಾತ ಗಿಣ್ಣುಗಳು, ಒಂದು ಕಡೆಗೆ ವಾಲಿದ ಬೆರಳುಗಳು. ಹೆಬ್ಬೆರಳ ಬುಡದ ಸುಟ್ಟ ಗುರುತು ಸುಕ್ಕುಗಳ ನಡುವೆ ಹುಡುಕಿದರೆ ಸಿಗುವಂತಿತ್ತು. “ಇವನ್ನ ನೋಡಿ, ಅದನ್ನ ನೋಡಿ. ಅಂಗಡಿಗೆ ಹೋಗಿ ಚೀಲ ತಿರುಗಿಸ್ತಿದ್ದೆನಲ್ಲ, ನಿಮ್ಮ ವ್ಯಾಪಾರಕ್ಕಲ್ಲ. ಅಲ್ಲಾದ್ರೂ ಇನ್ನೂ ಹಾಗೇ ಇವೆಯಲ್ಲ ಅಂತ ನೋಡ್ಕೊಂಡು ಬರೋಕೆ.”

ಜಾಮಿನ ಬಾಟಲಿ ದೂರದಲ್ಲಿತ್ತು. ಅವನು ಎದ್ದು ಅದನ್ನು ತಂದು, ಮುಚ್ಚಳ ಸಡಿಲ ಮಾಡಿ ಅವರ ಮುಂದಿಟ್ಟ. ಅತ್ತೆ ಬೇಡವೆನ್ನಲಿಲ್ಲ.

“ನಿಮಗೆ ನಾದೋಕೆ ಬರುತ್ತಾ?” ಎಂದರು ಇದ್ದಕ್ಕಿದ್ದಂತೆ.

“ಇಲ್ಲ. ನಾನು ಹಿಟ್ಟು ಮುಟ್ಟಿಯೇ ಇಲ್ಲ ಅತ್ತೆ.”

“ಅಯ್ಯೋ ಶಿವನೇ! ಇಷ್ಟು ವರ್ಷ ಹಿಟ್ಟಿನ ಚೀಲ ನೋಡ್ಕೊಂಡೇ ಸಂಬಳ ತಗೊಂಡ್ರಿ, ಒಳಗಡೆ ಏನಿದೆ ಅಂತ ಒಂದಿನಾನೂ ಕೈ ಹಾಕಿ ನೋಡ್ಲಿಲ್ವಾ? ಏಳಿ, ಕೈ ತೊಳ್ಕೊಳ್ಳಿ.”

ಊಟದ ತಟ್ಟೆಗಳನ್ನು ಬದಿಗೆ ಸರಿಸಿ ಅಲ್ಲೇ ಪಾಠ ಶುರುವಾಯಿತು. ಹಿಟ್ಟು ಮೊದಲು ಅವನ ಬೆರಳಿಗೆ, ಆಮೇಲೆ ಉಂಗುರಕ್ಕೆ, ಆಮೇಲೆ ಅಂಗಿಯ ತೋಳಿಗೆ ಅಂಟಿಕೊಂಡಿತು. ಅವನು ಒತ್ತಿದ. ಅತ್ತೆ, “ಬೆರಳಲ್ಲಿ ತಿವೀಬೇಡಿ, ಅದೇನು ಡೋರ್‌ಬೆಲ್ಲಾ?” ಎಂದರು. ಮತ್ತೆ ಒತ್ತಿದ. “ಅಂಗೈ ಬುಡದಲ್ಲಿ. ಭುಜ ಬಿಡಿ, ಭುಜ ಯಾಕೆ ಕಿವಿವರೆಗೆ ಹೋಗಿದೆ?” ಕೊನೆಗೆ ಅವರಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಅವನ ಮಣಿಕಟ್ಟಿನ ಮೇಲೆ ತಮ್ಮ ಕೈಯಿಟ್ಟರು. ಇಷ್ಟು ವರ್ಷದಲ್ಲಿ ಅವರು ಅವನನ್ನು ಮುಟ್ಟಿದ್ದು ಅದೇ ಮೊದಲಿರಬೇಕು. ಬಲವೇನೂ ಇರಲಿಲ್ಲ ಆ ಕೈಯಲ್ಲಿ. ಆದರೆ ಯಾವಾಗ ತಳ್ಳಬೇಕು, ಯಾವಾಗ ಬಿಡಬೇಕು ಎಂಬುದಿನ್ನೂ ಇತ್ತು. ಅದರ ಹಿಂದೆಯೇ ಹೋದ. ಎಷ್ಟೋ ಹೊತ್ತಿಗೆ ಹಿಟ್ಟು ಅವನ ಕೈ ಬಿಟ್ಟು ತನ್ನಷ್ಟಕ್ಕೆ ತಾನು ಉಂಡೆಯಾಯಿತು. ಅವನಿಗೆ ಚಿಕ್ಕ ಮಗುವಿನಷ್ಟು ಸಂತೋಷವಾಯಿತು.

ಹೆಂಡತಿ ಬಾಗಿಲು ತೆರೆದು ಬಂದಾಗ ಗಂಡನ ಮೂಗಿನ ಮೇಲೆ ಹಿಟ್ಟಿತ್ತು, ಅಮ್ಮ ಅವನಿಗೆ ನೇರವಾಗಿಯೇ ಬಯ್ಯುತ್ತಿದ್ದಳು. ಅವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು, “ಅಂತೂ ಲೈನ್ ರಿಪೇರಿ ಆಯ್ತು” ಎಂದಳು.

ಮೊದಲ ಬ್ರೆಡ್ಡು ಇಟ್ಟಿಗೆಯ ಹಾಗಿತ್ತು. ಅದನ್ನು ಕುಯ್ಯಲು ಹೆಂಡತಿ ಗರಗಸ ಕೇಳಿದಳು. ಅತ್ತೆ ಮಾತ್ರ ಮೂಲೆಯ ಒಂದು ತುಂಡು ಮುರಿದು ಚಹಾದಲ್ಲಿ ಅದ್ದಿ ತಿಂದು, “ಉಪ್ಪು ಸರಿಯಾಗಿದೆ” ಎಂದು ತೀರ್ಪು ಕೊಟ್ಟರು.

ಹೊಸ ಚೀಲಗಳು ಅಂಗಡಿಗೆ ಬಂದ ವಾರ ಅತ್ತೆ ತಾವಾಗಿಯೇ ಹೊರಟರು, ಅವನೂ ಜೊತೆಗೆ ಹೋದ. ಹಿಟ್ಟಿನ ಸಾಲಿನಲ್ಲಿ ಹಳೆಯದೊಂದೂ ಉಳಿದಿರಲಿಲ್ಲ. ಅತ್ತೆ ಬಹಳ ಹೊತ್ತು ನಿಂತು ನೋಡಿದರು. ಅವನು ಸ್ವಲ್ಪ ಹಿಂದೆ ನಿಂತು ಅವರನ್ನು ನೋಡಿದ.

“ಅಕ್ಷರ ಕನ್ನಡಕ ಇಲ್ಲದೆ ಕಾಣುತ್ತೆ” ಎಂದರು ಅತ್ತೆ. “ನನ್ನ ಮಗಳ ಅಂಗಡಿಗೆ ನಷ್ಟ.” ಆಮೇಲೆ ‘ಬ್ರೆಡ್ಡಿಗೆ’ ಎಂದಿದ್ದ ಒಂದು ಚೀಲವನ್ನು ಅವನ ಕೈಗೆ ಕೊಟ್ಟರು. “ಹೊರಗಡೆ ಚೆನ್ನಾಗಿದೆ. ಒಳಗಡೆ ಹೇಗಿದೆ ಮನೆಗೆ ಹೋಗಿ ನೋಡೋಣ. ನಡೀರಿ, ಯೀಸ್ಟ್ ಯಾವ ಕಡೆ?”

ಚೀಲ ಚೆನ್ನಾಗಿಯೇ ಓಡಿತು. ಹಳೆಯ ಕೈಗಳು ಎಲ್ಲಿ ಹೋದವು ಎಂದು ಕೆಲವರು ಅಂಗಡಿಯಲ್ಲಿ ವಿಚಾರಿಸಿದರಂತೆ. ಆ ಒಂಟಿ ಮುದುಕರೂ ಅವರಲ್ಲಿ ಇದ್ದರೋ ಏನೋ ಎಂದು ದುರ್ಬೀನಿಗೆ ಆಗಾಗ ಅನಿಸುತ್ತಿತ್ತು. ತಿಳಿಯುವ ದಾರಿಯಿರಲಿಲ್ಲ. ಅಲ್ಲಿಂದೀಚೆಗೆ ಯಾವುದೇ ಪ್ಯಾಕೆಟ್ಟು ಪರೀಕ್ಷೆಗೆ ಬಂದರೂ ಅವನು ಒಂದನ್ನು ಮನೆಗೆ ಒಯ್ಯುವುದನ್ನು ರೂಢಿ ಮಾಡಿಕೊಂಡ. ಸೂಪಾದರೆ ಕಾಯಿಸಿ, ಪಾಸ್ತಾವಾದರೆ ಬೇಯಿಸಿ, ಮೂವರೂ ತಿಂದು, ಆಮೇಲೆಯೇ ಅಭಿಪ್ರಾಯ ಬರೆಯುತ್ತಿದ್ದ. ಮುಖ್ಯಸ್ಥೆ ಒಮ್ಮೆ, “ಈಚೆಗೆ ನಿಮ್ಮ ಬರಹಕ್ಕೆ ರುಚಿ ಬಂದಿದೆ” ಎಂದರು.

ರಜಾದಿನಗಳಲ್ಲಿ ಬ್ರೆಡ್ಡು ತಪ್ಪುತ್ತಿರಲಿಲ್ಲ. ಅತ್ತೆ ಕುರ್ಚಿ ಹಾಕಿಕೊಂಡು ಎದುರಿಗೇ ಕೂರುವರು, “ಇನ್ನೂ ನಾದಿ, ಇನ್ನೂ ನಾದಿ” ಎನ್ನುವರು. ಒಂದು ಭಾನುವಾರ ಡಿಸೈನರ್ ಹುಡುಗಿಯೂ ಬಂದು ಮೊಣಕೈವರೆಗೆ ಹಿಟ್ಟು ಮಾಡಿಕೊಂಡಳು. ಅವಳಿಗೆ ಅತ್ತೆ ಒಂದು ಮಾತೂ ಗದರದೆ, ಮಗ್ಗಿ ಕಲಿಸುವಷ್ಟು ತಾಳ್ಮೆಯಿಂದ ಹೇಳಿಕೊಟ್ಟದ್ದನ್ನು ನೋಡಿ ದುರ್ಬೀನಿಗೆ ಹೊಟ್ಟೆಕಿಚ್ಚಾಯಿತು.

“ನನಗೆ ಮಾತ್ರ ಬಯ್ಗುಳ ಯಾಕೆ ಅತ್ತೆ?”

“ನೀವು ಮನೆಯವರಲ್ವಾ” ಎಂದರು ಅತ್ತೆ. “ಒಲೆ ನೋಡ್ಕೊಳ್ಳಿ, ಸೀದು ಹೋದೀತು.”

ಬ್ರೆಡ್ಡು ಆ ವಾರವೂ ಒಂದು ಪಕ್ಕ ಉಬ್ಬಿ ಒಂದು ಪಕ್ಕ ಕೂತುಕೊಂಡೇ ಹೊರಬಂತು. ಉಬ್ಬಿದ ಕಡೆಯಿಂದ ಅತ್ತೆ ಎರಡು ಹೋಳು ತಿಂದರು.